ನಡುಗುವ ಬ್ರೇಕಿನ ಪಂಚಾಯ್ತಿ

ಒಂದೇ ಕಾರು, ಒಂದೇ ನಡುಕ. ಅಪ್ಪ ಓಡಿಸುವಾಗ ನಡುಗಿದರೆ ರಸ್ತೆ ಸರಿಯಿಲ್ಲ. ಅಮ್ಮ ಓಡಿಸುವಾಗ ನಡುಗಿದರೆ ಅಮ್ಮ ಸರಿಯಿಲ್ಲ. ಅನ್ಯಾಯ ಎಂದರೇನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಆ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತು ಚೆನ್ನಾಗಿಯೇ ಕಲಿತೆ. ಆಗ ನಾವು ಪರದೇಶದಲ್ಲಿ, ರೆಂಟನ್ ಎಂಬ ಊರಿನಲ್ಲಿ, ಗುಡ್ಡದ ನಡುಮಧ್ಯದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಎಲ್ಲಿಗೆ ಹೋಗಬೇಕಾದರೂ ಮೊದಲು ಇಳಿಜಾರು, ಇಳಿಜಾರಿನ ಬುಡದಲ್ಲಿ ಸಿಗ್ನಲ್ಲು. ಮನೆಗೆ ಗ್ಯಾರೇಜಿತ್ತು, ಆದರೆ ಅದರೊಳಗೆ ಕಾರು ನಿಂತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಕ್ಕಿ ಮೂಟೆ, ಊರಿಗೆ ಹೋಗುವಾಗಷ್ಟೇ ಕೆಳಗಿಳಿಯುವ ಸೂಟ್‌ಕೇಸುಗಳು, ದಸರಾ ಗೊಂಬೆಗಳ ರಟ್ಟಿನ ಪೆಟ್ಟಿಗೆಗಳು, ಯಾರೋ ಮನೆ ಖಾಲಿ ಮಾಡುವಾಗ ನಮಗೆ ದಾಟಿಸಿ ಹೋದ ಕೆಟ್ಟ ಟ್ರೆಡ್‌ಮಿಲ್ಲು, ಎಲ್ಲಕ್ಕೂ ಒಳಗೆ ಜಾಗವಿತ್ತು. ಕಾರು ಮಾತ್ರ ಗ್ಯಾರೇಜಿನ ಮುಂದಿನ ಸಮತಟ್ಟಾದ ಸಿಮೆಂಟಿನ ಮೇಲೆ ನೆನೆಯುತ್ತ ನಿಂತಿರುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅದರ ಮೂತಿ ಕಾಣುತ್ತಿತ್ತು.

ಅಪ್ಪನಿಗೆ ಫ್ಯಾಕ್ಟೋರಿಯಾ ಎಂಬ ಬಡಾವಣೆಯಲ್ಲಿ ಆಫೀಸು ಕೆಲಸ. ಬೆಳಿಗ್ಗೆ ಆಫೀಸಿನ ಇನ್ನೊಬ್ಬರು ತಮ್ಮ ಕಾರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು, ಸಂಜೆ ಬಿಟ್ಟು ಹೋಗುತ್ತಿದ್ದರು. ಹೀಗಾಗಿ ವಾರವಿಡೀ ಕಾರು ಅಮ್ಮನದು. ಅಮ್ಮ ಮೈಸೂರಿನಲ್ಲಿ ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿಯಾಗಿದ್ದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಲೇತ್ ಮಿಷನ್ನಿನ ಮುಂದೆ ನಿಂತು ನನಗಿಂತ ದೊಡ್ಡ ಗಂಡುಹುಡುಗರಿಗೆ ಗದರಿ ಕಲಿಸುತ್ತಿದ್ದವಳು. ಇಲ್ಲಿಗೆ ಬಂದದ್ದು ಅಪ್ಪನ ವೀಸಾದ ಬಾಲಕ್ಕೆ ಕಟ್ಟಿದ ವೀಸಾದಲ್ಲಿ. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ, ಓದಬಹುದು. ಓದಿ ಮುಗಿಸಿದ್ದನ್ನೇ ಇನ್ನೊಮ್ಮೆ ಓದಬಹುದು! ಅಮ್ಮ ಅದಕ್ಕೂ ಸೈ ಎಂದು ಒಂದು ಕಮ್ಯುನಿಟಿ ಕಾಲೇಜಿನಲ್ಲಿ ವರ್ಕ್‌ಶಾಪಿನ ಕ್ಲಾಸಿಗೆ ಸೇರಿದ್ದಳು. ಬೆಳಿಗ್ಗೆ ನನ್ನನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಹೋದರೆ ನಾನು ಬರುವ ಹೊತ್ತಿಗೆ ಮನೆಯಲ್ಲಿರುತ್ತಿದ್ದಳು. ಮೈಗೆ ಮಿಷನ್ ಎಣ್ಣೆಯ ವಾಸನೆ ಅಂಟಿರುತ್ತಿತ್ತು, ಬಾಯಲ್ಲಿ ಯಾವುದೋ ಹಾಡು ಗುನುಗುತ್ತಿರುತ್ತಿತ್ತು. ಪದೇಪದೇ ತಪ್ಪಿಸಿಕೊಂಡರೆ ಸೀಟು ಬೇರೆಯವರಿಗೆ ಕೊಡುತ್ತಾರೆ ಎಂದು ಕಾಲೇಜಿನವರು ಮೊದಲೇ ಹೇಳಿದ್ದರು. ಕಾರಿಲ್ಲದೆ ಅಲ್ಲಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಬರುವುದರೊಳಗೆ ನಾನು ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತೇನೆ. ಅಮ್ಮನಿಗೆ ಕಾರು ಎಂದರೆ ಅದು, ಷೋಕಿಯಲ್ಲ.

ಆ ವರ್ಷದ ಆಯುಧಪೂಜೆ ರಜೆಯ ದಿನವೇ ಬಿತ್ತು. ಅಪ್ಪ ಬೂದುಗುಂಬಳಕಾಯಿ ತರಲು ಎಜುಕೇಶನ್ ಹಿಲ್ ಬಡಾವಣೆಯಲ್ಲಿದ್ದ ಗೆಳೆಯ ಶ್ರೀಧರ್ ಅಂಕಲ್ ಮನೆಗೆ ಹೋದವನು ಅಲ್ಲಿ ಕಾಫಿ, ಕಾಫಿಯ ಮೇಲೆ ಹರಟೆ, ಹರಟೆಯ ಮೇಲೆ ಇನ್ನೊಂದು ಕಾಫಿ ಎಂದು ಕೂತುಬಿಟ್ಟ. ರಾಹುಕಾಲ ಹತ್ತಿರ ಬಂತೆಂದು ನೆನಪಾದಾಗ ಎದ್ದು, ದಾರಿಯುದ್ದಕ್ಕೂ ನುಗ್ಗಿಸಿ, ಗುಡ್ಡದ ಮೇಲಿನ ರಸ್ತೆಯಿಂದ ಬ್ರೇಕು ಒತ್ತಿಕೊಂಡೇ ಇಳಿದು ಬಂದ. ಕಾರು ನಿಂತಾಗ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದ ಅಮ್ಮನಿಗೆ ಅದು ಮೂಗಿಗೆ ಬಡಿಯಿತು. ಅಷ್ಟರಲ್ಲಿ ಅಪ್ಪ ಪೈಪು ಎಳೆದು ನಲ್ಲಿ ತಿರುಗಿಸಿಯಾಗಿತ್ತು.

“ರೀ, ಬ್ರೇಕು ಕೆಂಡದ ಹಾಗೆ ಕಾದಿದೆ. ಸ್ವಲ್ಪ ಆರ್ಲಿ, ಆಮೇಲೆ ತೊಳೀರಿ.”

“ರಾಹುಕಾಲ ನಿನ್ನ ಬ್ರೇಕ್ ಆರೋವರ್ಗೂ ಕಾಯತ್ತಾ? ಚಕ್ರ ತೊಳೀದೆ ಕುಂಕುಮ ಇಡೋಕಾಗತ್ತಾ?”

ಐಸಿನಂಥ ನೀರು ಚಕ್ರದ ಮೇಲೆ ಬಿದ್ದು ಚುಂಯ್ ಎಂದು ಹಬೆ ಎದ್ದಿತು. ಹಬ್ಬದ ದಿನ ಜಗಳ ಬೇಡವೆಂದು ಅಮ್ಮ ಆರತಿಯ ಬತ್ತಿ ಸರಿಮಾಡತೊಡಗಿದಳು. ಅರಿಶಿನ ಕುಂಕುಮ ಇಟ್ಟದ್ದಾಯಿತು, ಬೂದುಗುಂಬಳ ಒಡೆದದ್ದಾಯಿತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದಾಯಿತು. ರಾಹುಕಾಲಕ್ಕೆ ಮುಂಚೆಯೇ ಎಲ್ಲ ಮುಗಿಯಿತೆಂದು ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಒಬ್ಬಟ್ಟು ತಿನ್ನುವಾಗಲೂ ಅದನ್ನೇ ಹೇಳಿದ.

ಅದಾಗಿ ಸ್ವಲ್ಪ ದಿನಕ್ಕೆ ನಡುಕ ಶುರುವಾಯಿತು. ಸುಮ್ಮನೆ ಹೋಗುವಾಗ ಏನೂ ಇಲ್ಲ. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಸ್ಟೇರಿಂಗು ಗಡಗಡ ಎನ್ನುತ್ತಿತ್ತು, ಪೆಡಲು ಕಾಲಿನ ಕೆಳಗೆ ಕುಣಿಯುತ್ತಿತ್ತು. ನನ್ನ ಸೀಟಿನವರೆಗೂ ಗೊತ್ತಾಗುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಣ್ಣುವಾಗಲೇ ಶುರುವಾಗುತ್ತಿತ್ತು. ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಟೇಬಲ್ಲು, ನಡುವೆ ಸಾರಿನ ಪಾತ್ರೆ, ಹಪ್ಪಳದ ಡಬ್ಬಿ. ಅಮ್ಮ ಬಡಿಸುತ್ತಲೇ ಮಾತು ತೆಗೆದಳು.

“ಚಕ್ರದೊಳಗಿನ ಬ್ರೇಕ್ ಡಿಸ್ಕ್ ಡೊಂಕಾಗಿದೆ ಕಣ್ರೀ. ಆವತ್ತು ಕಾದಿದ್ದಾಗ ತಣ್ಣೀರು ಬಿತ್ತಲ್ಲ, ಅದಕ್ಕೇ ಇರ್ಬೇಕು.”

“ಅಂದ್ರೆ? ದೇವ್ರ ಪೂಜೆ ಮಾಡಿದ್ದಕ್ಕೆ ಕಾರ್ ಹಾಳಾಯ್ತು ಅಂತೀಯಾ?”

“ಪೂಜೆಗಲ್ಲ, ನೀರಿಗೆ.”

“ನೀರು ಪೂಜೆದೇ ತಾನೆ? ವಸು, ನೀನು ಬ್ರೇಕ್ ಜೋರಾಗಿ ತುಳೀತೀಯ. ಹೊಸದಾಗಿ ಲೈಸೆನ್ಸ್ ತಗೊಂಡವ್ರೆಲ್ಲ ಹಾಗೇನೆ. ಟೆನ್ಷನ್‌ಗೆ ಕೈ ನಡುಗತ್ತೆ.”

ನೋಡಿ, ಎಷ್ಟು ಚೆಂದದ ವಾದ! ತಪ್ಪಾದದ್ದು ತನ್ನ ಕೈಯಿಂದ, ಬಚ್ಚಿಟ್ಟುಕೊಂಡದ್ದು ದೇವರ ಬೆನ್ನ ಹಿಂದೆ. ದೇವರೂ ಪಾಪ, ಏನು ಹೇಳಿಯಾನು? ನಾನು ಕೂತಲ್ಲೇ ಕುದಿಯುತ್ತಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯೂ ಉಂಟು. ನಾನು ಬಡವಾಗಲಿಲ್ಲ, ಸಿಟ್ಟಿನಲ್ಲಿ ಎರಡು ಹಪ್ಪಳ ಹೆಚ್ಚೇ ತಿಂದೆ. ಹೇಳಬೇಕೆನಿಸಿದ್ದನ್ನು ಇಂಗ್ಲಿಷಿನಲ್ಲಿ ಗೊಣಗಿದೆ. ಆ ಕಾಲದಲ್ಲಿ ನಾನು ಮನೆಯಲ್ಲಿ ಕನ್ನಡ ಕೇಳುತ್ತಿದ್ದೆ, ಮಾತಾಡುತ್ತಿರಲಿಲ್ಲ. ಓದುವುದು ಬರೆಯುವುದು ಕಲಿತದ್ದು ಬಹಳ ವರ್ಷಗಳ ಮೇಲೆ, ಹಟಕ್ಕೆ ಬಿದ್ದು. ಇಂಗ್ಲಿಷಿನಲ್ಲಿ ಗೊಣಗಿದರೆ ಅಪ್ಪ ಅದನ್ನು ಟಿವಿಯ ಸದ್ದಿನಂತೆ ಬದಿಗೆ ಸರಿಸಿಬಿಡುತ್ತಿದ್ದ.

ಆ ಭಾನುವಾರ ಅಪ್ಪನೇ ನನ್ನನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋದ. ದೊಡ್ಡ ರಸ್ತೆಯಿಂದ ಕೆಳಗಿಳಿಯುವಾಗ ಬ್ರೇಕು ಒತ್ತಿದ. ಸ್ಟೇರಿಂಗು ಹಿಡಿದ ಅವನ ಎರಡೂ ಕೈ ಗಡಗಡ ನಡುಗಿದವು. ವಾಚಿನ ಪಟ್ಟಿಯವರೆಗೂ ನಡುಗಿದ್ದನ್ನು ನಾನು ಕಣ್ಣಾರೆ ನೋಡಿದೆ.

“ಅಪ್ಪಾ, ಇಟ್ಸ್ ಶೇಕಿಂಗ್!”

“ರೋಡ್ ಸರಿ ಇಲ್ಲ ಪುಟ್ಟಿ. ಟ್ಯಾಕ್ಸ್ ತಗೋತಾರೆ, ರೋಡ್ ಮಾತ್ರ ರಿಪೇರಿ ಮಾಡಲ್ಲ.”

ಮನೆಗೆ ಬಂದ ಮೇಲೆ ಅಮ್ಮನಿಗೆ ಈಗಲಾದರೂ ಹೇಳುತ್ತಾನೆ ಎಂದು ಕಾದೆ. ಅಪ್ಪ ಶೂ ಕಳಚಿ, ಕೈ ತೊಳೆದು, ತಿಂಡಿ ಏನು ಎಂದ. ಉಪ್ಪಿಟ್ಟು ಎಂದಾಗ ಮುಖ ಸಿಂಡರಿಸಿದ. ಅಷ್ಟೆ.

ಮುಂದಿನ ವಾರ ಶ್ರೀಧರ್ ಅಂಕಲ್, ಅವರ ಹೆಂಡತಿ ರೂಪಾ ಆಂಟಿ ಊಟಕ್ಕೆ ಬಂದರು. ಶ್ರೀಧರ್ ಅಂಕಲ್ ಉಡುಪಿ ಕಡೆಯವರು, ಅಪ್ಪನಿಗೆ ಎಲ್ಲ ವಿಷಯಕ್ಕೂ ಸುಪ್ರೀಂ ಕೋರ್ಟು. ಮನೆ ಕೊಳ್ಳಬೇಕೇ ಬೇಡವೇ, ಫೋನು ಯಾವುದು, ಕೆಮ್ಮಿಗೆ ಏನು, ಎಲ್ಲಕ್ಕೂ ಅವರ ಹತ್ತಿರ ತೀರ್ಪು ಸಿದ್ಧವಿರುತ್ತಿತ್ತು. ಬದುಕಿನಲ್ಲಿ ಒಂದು ನಟ್ಟನ್ನೂ ಬಿಚ್ಚಿದವರಲ್ಲ. ಅಮ್ಮ ಅಂದು ಬೆಳಿಗ್ಗೆಯಿಂದ ನಿಂತು ಪುಳಿಯೋಗರೆ, ಹೆಸರುಬೇಳೆ ಕೋಸಂಬರಿ, ಬೋಂಡ, ಶಾವಿಗೆ ಪಾಯಸ ಮಾಡಿದ್ದಳು. ಅಪ್ಪ ಪಾಯಸದ ಬಟ್ಟಲು ಹಿಡಿದುಕೊಂಡು, ಅಮ್ಮ ಅಲ್ಲೇ ಎದುರಿಗಿರುವಾಗಲೇ, ಕಾರಿನ ಕತೆ ತೆಗೆದ. ರಸ್ತೆ ಸರಿಯಿಲ್ಲದ ಭಾನುವಾರದ ಸುದ್ದಿ ಆ ಕತೆಯಲ್ಲಿ ಬರಲೇ ಇಲ್ಲ.

“ಇವಳು ಓಡಿಸೋವಾಗ ಕಾರ್ ನಡುಗತ್ತಂತೆ ಕಣೋ. ಡಿಸ್ಕ್ ಹೋಗಿದೆ ಅಂತಾಳೆ.”

ಅಂಕಲ್ ನಕ್ಕರು. “ನಮ್ಮಲ್ಲೊಂದು ಗಾದೆ ಉಂಟಲ್ಲ ಮಾರಾಯ, ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ಬೇಸರ ಮಾಡ್ಬೇಡಿ ವಸುಧಾ, ತಮಾಷೆಗೆ ಹೇಳಿದ್ದು. ಆದ್ರೂ ಒಂದು ಮಾತು. ಚಳಿಗಾಲ ಬಂತು, ರಸ್ತೆ ಜಾರ್ತದೆ. ಕೈ ನಡುಗುವವರು ಈಗ ಓಡಿಸದಿದ್ರೆ ಒಳ್ಳೇದು.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಇಷ್ಟಕ್ಕೂ ನಮ್ಮ ಮನೆಯಲ್ಲಿ ನೆಲ ಡೊಂಕು ಎಂದವರು ಯಾರು? ನನ್ನ ಮೈಯೆಲ್ಲ ಉರಿಯಿತು. ರೂಪಾ ಆಂಟಿ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಅಮ್ಮನಿಗೆ ಮೆಲ್ಲಗೆ, “ಬಿಡಿ ವಸುಧಾ, ಇವರ ಹತ್ರ ಮಾತಾಡಿ ಪ್ರಯೋಜನ ಇಲ್ಲ” ಎಂದರು. ಆ ಸಮಾಧಾನ ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ಪ್ರಯೋಜನ ಇಲ್ಲವೆಂದು ಎಲ್ಲರೂ ಬಾಯಿ ಮುಚ್ಚಿಕೊಂಡೇ ತಾನೆ ಇವರೆಲ್ಲ ಹೀಗಾದದ್ದು!

ಸೋಮವಾರ ಬೆಳಿಗ್ಗೆ ನೋಡಿದರೆ ಕಾರಿನ ಕೀ ಇಲ್ಲ. ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋಗಿದ್ದ. ಕಾರು ಬಾಗಿಲ ಮುಂದೆ, ಕೀ ಫ್ಯಾಕ್ಟೋರಿಯಾದಲ್ಲಿ! ಅಮ್ಮ ಫೋನು ಮಾಡಿದಳು. ನಿನ್ನ ಒಳ್ಳೆಯದಕ್ಕೇ, ಚಳಿಗಾಲ ಮುಗಿಯಲಿ ಎಂದನಂತೆ. ಚಳಿಗಾಲ ಮುಗಿಯುವುದರೊಳಗೆ ಅಮ್ಮನ ಕ್ಲಾಸು ಮುಗಿದಿರುತ್ತದೆ ಎಂಬುದು ಅವನಿಗೆ ತಿಳಿಯದ ವಿಷಯವಲ್ಲ. ಮೆಕ್ಯಾನಿಕ್ಕುಗಳಿಗೆ ತೋರಿಸೋಣ ಎಂದು ಅಮ್ಮ ಕೇಳಿದರೆ, ಅವರು ಇಲ್ಲದ್ದನ್ನೆಲ್ಲ ಹುಟ್ಟಿಸಿ ಹೇಳುತ್ತಾರೆ ಎಂದ. ಅಮ್ಮ ಬಾಯಿಮಾತಿನಲ್ಲಿ ಜಗಳವಾಡುವವಳಲ್ಲ. ಅವಳ ಸಿಟ್ಟೆಲ್ಲ ಸಾರಿಗೆ ಬೀಳುತ್ತಿತ್ತು. ಆ ವಾರ ನಾವು ತಿಂದ ಉಪ್ಪು ಅಷ್ಟಿಷ್ಟಲ್ಲ. ಅಪ್ಪ ಮಜ್ಜಿಗೆ ಬೆರೆಸಿಕೊಂಡು ಉಂಡ, ಕೀ ಮಾತ್ರ ಕೊಡಲಿಲ್ಲ.

ಅಮ್ಮ ಒಂದು ದಿನ ಪಕ್ಕದ ಮನೆಯವರಿಗೆ ನನ್ನನ್ನು ಒಪ್ಪಿಸಿ, ಎರಡು ಬಸ್ಸು ಹತ್ತಿ ಕಾಲೇಜಿಗೆ ಹೋಗಿಬಂದಳು. ಸೀಟು ಇನ್ನು ಹೆಚ್ಚು ದಿನ ಉಳಿಸಲಾಗುವುದಿಲ್ಲ ಎಂದು ಮೇಷ್ಟರು ಹೇಳಿದ್ದರು, ಆದರೂ ಅಮ್ಮ ಕೇಳಿದ ಮುಳ್ಳಿನ ಗೇಜು ಕೊಟ್ಟು ಕಳಿಸಿದ್ದರು. ಗಡಿಯಾರದಂಥ ಚಿಕ್ಕ ಸಾಮಾನು, ಕೂದಲೆಳೆಯಷ್ಟು ಡೊಂಕಿದ್ದರೂ ಅದರ ಮುಳ್ಳು ಅಲ್ಲಾಡುತ್ತದೆ. ಅಮ್ಮ ತರಿಸಿದ ಹೊಸ ಡಿಸ್ಕು, ಅದನ್ನು ಒತ್ತಿ ನಿಲ್ಲಿಸುವ ಪ್ಯಾಡು ಪಾರ್ಸೆಲ್ಲಿನಲ್ಲಿ ಬಂದವು. ನಮ್ಮ ಶಾಲೆಗೆ ರಜೆಯಿದ್ದ ಒಂದು ದಿನ, ಅಪ್ಪ ಆಚೆ ಹೋದದ್ದೇ ತಡ, ಅಮ್ಮ ನೈಟಿಯ ಮೇಲೆ ಅಪ್ಪನ ಹಳೆಯ ಸ್ವೆಟರು ಹಾಕಿ, ಉಣ್ಣೆಯ ಸಾಕ್ಸಿನ ಮೇಲೆ ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ಪಕ್ಕದ ಮನೆಯಿಂದ ಜಾಕು, ಸ್ಟ್ಯಾಂಡು ತಂದಿದ್ದಾಯಿತು. ನನಗೆ ಗಾಬರಿ.

“ಬಟ್ ಅಮ್ಮಾ, ವಿ ಡೋಂಟ್ ಹ್ಯಾವ್ ದ ಕೀ!”

“ಓಡಿಸೋಕೆ ತಾನೆ ಕೀ ಬೇಕು? ಬಿಚ್ಚೋಕೆ ಯಾಕೆ? ಬಾಗಿಲಿಗೂ ಬೀಗ ಹಾಕಿಲ್ಲ. ಆ ಇಟ್ಟಿಗೆ ತಗೊಂಬಾ, ಹಿಂದಿನ ಚಕ್ರಕ್ಕೆ ಕೊಡೋಣ.”

ಅಮ್ಮ ಅಷ್ಟು ಬಿಡುಬೀಸಾಗಿ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಇಷ್ಟು ದಿನ ಅವಳನ್ನು ಬರಿಯ ದೋಸೆ ಹುಯ್ಯುವವಳೆಂದುಕೊಂಡಿದ್ದಕ್ಕೆ ಯಾರನ್ನು ಬೈಯುವುದು ಎಂದು ತಿಳಿಯದೆ, ಅಪ್ಪನನ್ನೇ ಮನಸ್ಸಿನಲ್ಲಿ ಬೈದೆ. ಮುಂದಿನ ಎರಡೂ ಚಕ್ರ ಮೇಲೆತ್ತಿ ಬಿಚ್ಚಿದಳು. ಗೇಜನ್ನು ಕಬ್ಬಿಣಕ್ಕೆ ಕಚ್ಚಿಸಿ, ಡಿಸ್ಕನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದಳು. ಮುಳ್ಳು ಆ ಕಡೆಗೆ ವಾಲಿತು, ಈ ಕಡೆಗೆ ವಾಲಿತು.

“ನೋಡು. ಇದು ನನ್ನ ಕೈ ಅಲ್ಲ ತಾನೆ?” ಎಂದಳು. ಗೊತ್ತಿದ್ದ ವಿಷಯವನ್ನೇ ಅವಳೂ ಒಂದೊಂದು ಸಲ ಅನುಮಾನಿಸಿರಬೇಕು, ದಿನವೂ ಅದನ್ನೇ ಕೇಳಿಸಿಕೊಂಡರೆ ಇನ್ನೇನಾಗುತ್ತದೆ?

ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುವ ಭಾಗವೊಂದಿದೆ, ಕ್ಯಾಲಿಪರು. ಅದನ್ನು ಬಿಚ್ಚಿದರೆ ತನ್ನ ರಬ್ಬರ್ ಪೈಪಿನ ಮೇಲೆ ಜೋತುಬೀಳಬಾರದು, ಪೈಪು ಕೆಡುತ್ತದೆ. ಕಟ್ಟಲು ತಂತಿ ಹುಡುಕಿದೆವು, ಸಿಗಲಿಲ್ಲ. ಅಮ್ಮ ಒಳಗೆ ಹೋಗಿ ಲಂಗದ ಲಾಡಿ ಎಳೆದು ತಂದು, ಕ್ಯಾಲಿಪರನ್ನು ಮೇಲಿನ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿದಳು. ತುಕ್ಕು ಹಿಡಿದು ಅಂಟಿದ್ದ ಹಳೆಯ ಡಿಸ್ಕಿಗೆ ಸುತ್ತಿಗೆಯಿಂದ ಹೊಡೆದ ಹೊಡೆತಕ್ಕೆ ಅಕ್ಕಪಕ್ಕದ ಮನೆಗಳ ನಾಯಿಗಳೆಲ್ಲ ಒಳಗಿಂದಲೇ ಬೊಗಳಿದವು. ಡಿಸ್ಕು ಕೂರುವ ಜಾಗದ ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿಸಿದ್ದು ನನ್ನಿಂದ. ಅಲ್ಲಿ ಒಂದು ಚೂರು ಕೊಳೆ ಉಳಿದರೂ ಹೊಸ ಡಿಸ್ಕೂ ಡೊಂಕಾಗಿ ಕೂತು ಮತ್ತೆ ನಡುಗುತ್ತದೆ ಎಂದು ಮೂರು ಸಲ ಹಿಂದಕ್ಕೆ ಕಳಿಸಿದಳು. ಹಸಿವಾದಾಗ ಅವಳ ಕೈ ಕಪ್ಪಗಿತ್ತು, ನಾನೇ ಮೊಸರನ್ನ ಕಲಸಿ ತಂದು ಬಾಯಿಗಿಟ್ಟೆ. ಉಪ್ಪು ಸಾಲದು ಎಂದಳು! ನಟ್ಟುಗಳನ್ನು ಒಂದರ ಪಕ್ಕದ್ದನ್ನಲ್ಲ, ಎದುರುಬದುರಿನವನ್ನು ಬಿಗಿಯುತ್ತ ಬಂದು, ಕೊನೆಗೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಪೆಡಲು ಗಟ್ಟಿಯಾಗುವವರೆಗೆ ಒತ್ತಿಸಿದಳು. ಕೆಲಸ ಮುಗಿಯಿತು. ಓಡಿಸಿ ನೋಡುವಂತಿರಲಿಲ್ಲ. ಅಡುಗೆ ಮಾಡಿದವಳಿಗೇ ರುಚಿ ನೋಡಲು ಬಿಡದ ಹಾಗೆ.

ಸಂಜೆ ಅಪ್ಪ ಬಂದಾಗ ಅಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಹಳೆಯ ಡಿಸ್ಕು ತೋರಿಸಿದಳು, ಗೇಜಿನ ಮುಳ್ಳು ಹೇಗೆ ವಾಲಿತೆಂದು ಹೇಳಿದಳು. ಅಪ್ಪ ಡಿಸ್ಕನ್ನು ಕಾಲಿನಿಂದ ಸ್ವಲ್ಪ ಸರಿಸಿದ.

“ಯೂಟ್ಯೂಬ್ ನೋಡ್ಕೊಂಡು ಏನೇನೋ ಮಾಡ್ಬೇಡ. ಶನಿವಾರ ಶ್ರೀಧರ ಬರ್ತಾನೆ, ಒಂದು ರೌಂಡ್ ಹಾಕಿ ನೋಡ್ತೀವಿ. ಅಲ್ಲೀವರ್ಗೂ ಮುಟ್ಬೇಡ.”

“ಹೊಸ ಪ್ಯಾಡು. ಮೊದಲು ನಿಧಾನಕ್ಕೆ, ಒಂದಷ್ಟು ಸಲ ಮೆತ್ತಗೆ ಒತ್ತಿ.”

“ನಂಗೆ ಹೇಳ್ಕೊಡ್ಬೇಡ.”

ಶನಿವಾರ ಅಂಕಲ್ ರೂಪಾ ಆಂಟಿಯನ್ನೂ ಕರೆದುಕೊಂಡು ಬಂದರು, ಅಮ್ಮ ತಂದಿಟ್ಟ ಬೋಂಡದ ತಟ್ಟೆ ಟೇಬಲ್ಲಿನ ಮೇಲೇ ಬಿಟ್ಟು ಅಪ್ಪ, ಅಂಕಲ್ ಇಬ್ಬರೂ ಕಾರು ತೆಗೆದುಕೊಂಡು ಹೋದರು. ಅಮ್ಮ ಅಡುಗೆಮನೆಯ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಒಲೆಯ ಮೇಲೆ ಹುಳಿ ಉಕ್ಕಿದರೂ ನೋಡಲಿಲ್ಲ. ಸೋಮವಾರ ಕ್ಲಾಸಿಗೆ ಹೋಗದಿದ್ದರೆ ಸೀಟು ಹೋಗುತ್ತದೆ ಎಂದು ಕಾಲೇಜಿನಿಂದ ಹಿಂದಿನ ದಿನವೇ ಫೋನು ಬಂದಿತ್ತು. ಬಹಳ ಹೊತ್ತಿನ ಮೇಲೆ ಕಾರು ಇಳಿಜಾರಿನಲ್ಲಿ ಇಳಿದು ಬಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಿಂತಿತು. ಇಬ್ಬರೂ ನಗುನಗುತ್ತ ಒಳಗೆ ಬಂದರು.

“ಏನೂ ಇಲ್ಲ ಮಾರಾಯ್ತಿ!” ಎಂದರು ಅಂಕಲ್, ರೂಪಾ ಆಂಟಿಗೆ ಕೇಳಲೆಂದು ಜೋರಾಗಿ. “ಒಂದು ಚೂರು ನಡುಕ ಇಲ್ಲ. ನಾನು ಅವತ್ತೇ ಹೇಳಲಿಲ್ಲವಾ?”

“ಅದೇ ನಾನೂ ಹೇಳಿದ್ದು” ಎಂದ ಅಪ್ಪ. “ಇದ್ರಲ್ಲಿ ಮೊದಲೂ ಏನೂ ಇರ್ಲಿಲ್ಲ. ಸುಮ್ನೆ ಡಿಸ್ಕ್ ಬೇರೆ ಬದಲಾಯಿಸಿದ್ಲು. ನಡುಗ್ತಿದ್ದಿದ್ದು ಇವಳ ಕೈನೇ. ಚಳಿಗಾಲ ಕಳೀಲಿ, ಆಮೇಲೆ ಕೀ ಕೊಡೋಣ.”

ಅಂದರೆ ಕೆಟ್ಟಿದ್ದಾಗ ನಡುಗಿದ್ದೂ ಅಮ್ಮನ ತಪ್ಪಿಗೆ ಸಾಕ್ಷಿ, ರಿಪೇರಿಯಾದ ಮೇಲೆ ನಡುಗದಿದ್ದೂ ಅಮ್ಮನ ತಪ್ಪಿಗೆ ಸಾಕ್ಷಿ! ಇಂಥ ನ್ಯಾಯ ಯಾವ ಊರಿನಲ್ಲಿದೆ? ಅಮ್ಮನ ಮುಖ ನೋಡಿದೆ. ಬಿಳುಚಿಕೊಂಡಿತ್ತು. ಏನು ಹೇಳಬೇಕೆಂದು ನಾನು ಯೋಚಿಸಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಇವರು ಕೇಳಿಸಿಕೊಳ್ಳುವುದಿಲ್ಲ ಎಂದಷ್ಟೇ ಗೊತ್ತಿತ್ತು. ಬಾಯಿಂದ ಕನ್ನಡ ಬಂತು, ಕಿರುಚಿಕೊಂಡೇ ಬಂತು.

“ಅಪ್ಪಾ, ಸುಳ್ಳು! ನೀನು ಓಡಿಸ್ದಾಗ್ಲೂ ನಡುಗ್ತು! ಸ್ವಿಮಿಂಗ್‌ಗೆ ಹೋದಾಗ ನಿನ್ನ ಕೈ ನಡುಗ್ತು, ನಾನು ನೋಡ್ದೆ! ನೀನು ರೋಡ್ ಸರಿ ಇಲ್ಲ ಅಂದೆ! ಅಮ್ಮಂಗೆ ಮಾತ್ರ ಕೈ ಸರಿ ಇಲ್ಲ ಅಂತೀಯ!”

ಮೊದಲು ಬಾಯಿ ಬಿಟ್ಟವಳು ಅಮ್ಮ, ಅದೂ ನನ್ನ ಮೇಲೆ.

“ನಿಧಿ! ಅಪ್ಪನ ಹತ್ರ ಹೀಗಾ ಮಾತಾಡೋದು? ಸಾರಿ ಕೇಳು.”

ಯಾರ ಪರವಾಗಿ ಗಂಟಲು ಹರಿದುಕೊಂಡೆನೋ ಅವಳೇ! ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ಕಚ್ಚಿಕೊಂಡು, ಸಾರಿ ಎಂದೆ. ಒಂದಿಷ್ಟೂ ಮನಸ್ಸಿರಲಿಲ್ಲ. ಅಮ್ಮ ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಅಪ್ಪನ ಕಡೆಗೆ ತಿರುಗಿದಳು.

“ಮಗು ಸಾರಿ ಕೇಳ್ತು. ಈಗ ನೀವು ಹೇಳಿ. ಆವತ್ತು ನಿಮ್ಮ ಕೈ ನಡುಗ್ತೋ ಇಲ್ವೋ?”

ಅಪ್ಪ ಶ್ರೀಧರ್ ಅಂಕಲ್ ಮುಖ ನೋಡಿದ. ಅಂಕಲ್ ಬೋಂಡದ ತಟ್ಟೆ ನೋಡಿದರು. ರೂಪಾ ಆಂಟಿ ಅಪ್ಪನನ್ನೇ ನೋಡುತ್ತಿದ್ದರು.

“ಸ್ವಲ್ಪ” ಎಂದ ಅಪ್ಪ.

“ಹಾಗಾದ್ರೆ ಕೀ ಕೊಡಿ. ಸೋಮವಾರ ನಂಗೆ ಕ್ಲಾಸಿದೆ.”

ಅಮ್ಮ ಚಾಚಿದ ಕೈ ಹಾಗೇ ಇತ್ತು. ಉಗುರುಗಳ ಸಂದಿಯಲ್ಲಿ ಕಪ್ಪು ಇನ್ನೂ ಹೋಗಿರಲಿಲ್ಲ. ಅಪ್ಪ ಜೇಬಿಗೆ ಕೈ ಹಾಕಿ ತಡವರಿಸಿ, ಕೊನೆಗೆ ಕೀ ತೆಗೆದು ಆ ಕೈಯ ಮೇಲಿಟ್ಟ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಎಲ್ಲವನ್ನೂ ಮರೆತುಬಿಡುತ್ತಿದ್ದೆನೋ ಏನೋ. ಇಟ್ಟ ಮೇಲೆ, ಎಲ್ಲರಿಗೂ ಕೇಳಿಸುವ ಹಾಗೆ, “ಹುಷಾರಾಗಿ ಓಡ್ಸು, ಬ್ರೇಕ್ ಜೋರಾಗಿ ತುಳೀಬೇಡ” ಎಂದ.

ಅಮ್ಮ ನಕ್ಕುಬಿಟ್ಟಳು. ನನಗೆ ಇವತ್ತಿಗೂ ನಗು ಬಂದಿಲ್ಲ.